ನೆರಳಿನ ತೋಟಕ್ಕೆ ಬಣ್ಣದ ಎಲೆಯ ಹೋಸ್ಟಾ: ಆಯ್ಕೆ, ನಾಟಿ, ಆರೈಕೆಯ ಸಮಗ್ರ ಮಾರ್ಗದರ್ಶಿ

ಹೋಸ್ಟಾ ಎಲೆಯ ಬಿಳಿ ಭಾಗ ಗಿಡಕ್ಕಾಗಿ ಏನನ್ನೂ ದುಡಿಯುವುದಿಲ್ಲ. ಅಲ್ಲಿ ಪತ್ರಹರಿತ್ತು ಇಲ್ಲ. ಪಕ್ಕದ ಹಸಿರು ಭಾಗ ತಯಾರಿಸಿದ ಆಹಾರವನ್ನೇ ಅದೂ ಉಣ್ಣಬೇಕು. ನೆರಳಿನ ಮೂಲೆ ಬೆಳಗಲಿ ಎಂದು ನಾವು ಈ ಗಿಡ ತರುವುದು ಆ ಬಿಳಿಯನ್ನು ನೋಡಿಯೇ, ಗಿಡ ಸೊರಗುವುದೂ ಹೆಚ್ಚಾಗಿ ಅದರಿಂದಲೇ. ಎಷ್ಟು ಬೆಳಕು ಕೊಡಬೇಕು, ಎಷ್ಟು ನೀರು, ಬುಡ ಬಿಡಿಸುವುದು ಯಾವಾಗ, ಅಚ್ಚ ಹಸಿರು ಮೊಳಕೆ ಕಂಡರೆ ಯಾಕೆ ತೆಗೆಯಬೇಕು ಎಂಬುದೆಲ್ಲ ಈ ದುಡಿಮೆ ಮತ್ತು ಖರ್ಚಿನ ಲೆಕ್ಕಕ್ಕೆ ಬಂದು ನಿಲ್ಲುತ್ತದೆ. ಎಲೆಯಲ್ಲಿ ಬಿಳಿ ಹೆಚ್ಚಿದಷ್ಟೂ ಆರೈಕೆ ಹೆಚ್ಚು ಬೇಕು.

ಹೋಸ್ಟಾ ಜಪಾನ್, ಕೊರಿಯಾ, ಚೀನಾ ಮತ್ತು ರಷ್ಯಾದ ಪೂರ್ವ ತುದಿಯ ಮೂಲದ ಬಹುವಾರ್ಷಿಕ ಗಿಡ. ಶತಾವರಿಯ ಕುಟುಂಬಕ್ಕೆ ಸೇರಿದ್ದು. ಕಾಡಂಚಿನಲ್ಲಿ, ತೊರೆಯ ದಂಡೆಯಲ್ಲಿ, ತೇವವಿರುವ ಹುಲ್ಲುಗಾವಲಿನಲ್ಲಿ ತಾನಾಗಿ ಬೆಳೆಯುತ್ತದೆ. ಚಳಿಗಾಲಕ್ಕೆ ಎಲೆಗಳೆಲ್ಲ ಒಣಗಿ ಬೀಳುತ್ತವೆ, ಮಣ್ಣಿನಡಿಯ ಬುಡ ಮಾತ್ರ ಜೀವ ಹಿಡಿದುಕೊಂಡು ಮಲಗಿರುತ್ತದೆ.

ಚಳಿ ಇಲ್ಲದಿದ್ದರೆ ಗಿಡ ಉಳಿಯದು

ಗಿಡ ಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ನೆರಳಿನದ್ದಲ್ಲ, ಚಳಿಯದ್ದು. ಹೋಸ್ಟಾದ ಬುಡಕ್ಕೆ ವರ್ಷಕ್ಕೊಮ್ಮೆ ಕನಿಷ್ಠ ಆರು ವಾರ, ಸುಮಾರು 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿ ಸಿಗಬೇಕು. ಅದು ಸಿಗದಿದ್ದರೆ ಮೊದಲ ವರ್ಷ ಗಿಡ ಚೆನ್ನಾಗಿಯೇ ಇದ್ದಂತೆ ಕಾಣುತ್ತದೆ. ಎರಡನೇ ವರ್ಷ ಎಲೆ ಚಿಕ್ಕದಾಗುತ್ತದೆ, ಮೂರನೇ ವರ್ಷ ಒಂದೆರಡು ಕಡ್ಡಿಗಳಷ್ಟೇ ಏಳುತ್ತವೆ. ಗೊಬ್ಬರ ಸುರಿದು ಇದನ್ನು ಸರಿಪಡಿಸಲಾಗದು.

ಚಳಿಗಾಲ ಬೆಚ್ಚಗಿರುವ ಊರಿನವರಿಗೆ ಇರುವ ದಾರಿ ಒಂದೇ: ಕುಂಡದಲ್ಲಿ ಬೆಳೆಸಿ, ಎಲೆ ಹಳದಿಯಾಗಿ ಒಣಗಿದ ಮೇಲೆ ಬುಡವನ್ನು ಕಿತ್ತು ಮಣ್ಣು ಉದುರಿಸಿ, ಸ್ವಲ್ಪವೇ ತೇವವಿರುವ ತೆಂಗಿನ ನಾರಿನ ಪುಡಿಯಲ್ಲಿ ಸುತ್ತಿ, ತೂತು ಹಾಕಿದ ಚೀಲದಲ್ಲಿಟ್ಟು ಫ್ರಿಜ್ಜಿನಲ್ಲಿ 2ರಿಂದ 5 ಡಿಗ್ರಿಯಲ್ಲಿ ಎಂಟರಿಂದ ಹತ್ತು ವಾರ ಇಡುವುದು. ಪಕ್ಕದಲ್ಲಿ ಹಣ್ಣು ಇಡಬಾರದು, ಮಾಗುವ ಹಣ್ಣಿನಿಂದ ಬರುವ ಎಥಿಲೀನ್ ಅನಿಲ ಮೊಗ್ಗಿಗೆ ಕೆಡುಕು. ಎರಡು ವಾರಕ್ಕೊಮ್ಮೆ ತೆಗೆದು ಬೂಸ್ಟು ಬಂದಿದೆಯೇ ನೋಡಿ. ಇದು ಮಾಡಬಹುದಾದ ಕೆಲಸವೇ, ಆದರೆ ಪ್ರತಿ ವರ್ಷದ ತಾಪತ್ರಯ. ಹಾಗೆ ಮಾಡುವುದಾದರೂ ಬಿಳಿ ನಡುವಿನ ತಳಿಗಳ ಆಸೆ ಬಿಟ್ಟು, ‘ಗ್ವಾಕಮೋಲಿ’ಯಂಥ ಸುವಾಸನೆಯ ತಳಿಗಳನ್ನು ಹಿಡಿಯಿರಿ. ಅವುಗಳ ಮೂಲವಾದ ‘ಪ್ಲಾಂಟಜಿನಿಯ’ ಎಂಬ ಹೋಸ್ಟಾ ಜಾತಿ ಸೆಕೆಯನ್ನು ಉಳಿದವಕ್ಕಿಂತ ಚೆನ್ನಾಗಿ ತಾಳುತ್ತದೆ.

ಎಲೆಯಲ್ಲಿ ಬಣ್ಣ ಎಲ್ಲಿದೆ ಎಂದು ನೋಡಿ

ಬೆಳೆಯುವ ತುದಿಯಲ್ಲಿ ಜೀವಕೋಶಗಳು ಪದರಪದರವಾಗಿರುತ್ತವೆ. ಹೊರ ಪದರದಿಂದ ಎಲೆಯ ಅಂಚು ಬರುತ್ತದೆ, ಒಳ ಪದರದಿಂದ ನಡುಭಾಗ. ಯಾವುದೋ ಒಂದು ಪದರ ಪತ್ರಹರಿತ್ತು ಮಾಡುವ ಶಕ್ತಿ ಕಳೆದುಕೊಂಡರೆ ಆ ಪದರ ಕೊಡುವ ಭಾಗ ಬಿಳಿಯೋ ಹಳದಿಯೋ ಆಗುತ್ತದೆ. ಎರಡು ಬಗೆಯ ಜೀವಕೋಶಗಳು ಒಂದೇ ಗಿಡದಲ್ಲಿ ಒಟ್ಟಿಗೆ ಬಾಳುವ ಈ ಸ್ಥಿತಿಯನ್ನು ಕೈಮೇರಾ ಎನ್ನುತ್ತಾರೆ. ಗೆರೆಗೆರೆಯ ತಳಿಗಳನ್ನು ಬಿಟ್ಟರೆ ಈ ಬಣ್ಣ ಬೀಜದಲ್ಲಿ ದಾಟಿಬರುವುದಿಲ್ಲ. ಬಣ್ಣದಂಚಿನ ಗಿಡದ ಬೀಜ ಬಿತ್ತಿದರೆ ಹುಟ್ಟುವುದು ಸಾಮಾನ್ಯವಾಗಿ ಒಂದೇ ಬಣ್ಣದ ಸಸಿ. ಹಾಗಾಗಿ ‘ಬಣ್ಣದ ಹೋಸ್ಟಾ ಬೀಜ’ ಎಂದು ಯಾರಾದರೂ ಮಾರಿದರೆ ಕೊಳ್ಳಬೇಡಿ.

ಅಂಚು ಬಿಳಿ, ನಡು ಹಸಿರು ಇರುವ ತಳಿಗಳು ಸುಲಭ. ಎಲೆಯ ದೊಡ್ಡ ಭಾಗ ದುಡಿಯುವ ಹಸಿರಾಗಿರುವುದರಿಂದ ಬೇಗ ಬುಡ ತುಂಬುತ್ತವೆ. ‘ಫ್ರಾನ್ಸಿ’, ಅದರಿಂದಲೇ ಮೂಡಿದ ‘ಪೇಟ್ರಿಯಟ್’, ‘ಉಂಡುಲಾಟಾ ಆಲ್ಬೊಮಾರ್ಜಿನಾಟಾ’ ಈ ಸಾಲಿನವು. ಮೊದಲ ಸಲ ಬೆಳೆಸುವವರು ‘ಪೇಟ್ರಿಯಟ್’ನಿಂದ ಶುರುಮಾಡಿದರೆ ನಿರಾಸೆಯಾಗುವ ಸಂಭವ ಕಡಿಮೆ. ದೊಡ್ಡ ಗಿಡವೇ ಬೇಕೆಂದರೆ ‘ಸಾಗೇ’ ನೋಡಿ: ಹೂದಾನಿಯ ಆಕಾರದಲ್ಲಿ ಮೇಲಕ್ಕೆದ್ದು ನಿಲ್ಲುತ್ತದೆ, ಅಂಚು ಕೆನೆಹಳದಿ, ಎಲೆ ದಪ್ಪವಾದ್ದರಿಂದ ಹುಳುಗಳ ಕಾಟವೂ ಕಡಿಮೆ.

ನಡು ಬಿಳಿ, ಅಂಚು ಹಸಿರು ಇರುವ ತಳಿಗಳದ್ದು ಬೇರೆ ಕಥೆ. ‘ಪೇಟ್ರಿಯಟ್’ನ ಬಣ್ಣ ತಿರುವುಮುರುವಾಗಿ ಬಂದದ್ದು ‘ಫೈರ್ ಅಂಡ್ ಐಸ್’. ಇವೆರಡನ್ನೂ ಅಕ್ಕಪಕ್ಕ ನೆಟ್ಟರೆ ಬೆಳವಣಿಗೆಯ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ‘ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್’ ನೋಡಲು ಅಪರೂಪದ ಚೆಲುವೆ, ಬೆಳೆಯಲು ಮಹಾ ಸೋಮಾರಿ. ನೆಟ್ಟ ಜಾಗದಿಂದ ಕದಲಿಸದೆ ಐದಾರು ವರ್ಷ ಕಾಯುವ ತಾಳ್ಮೆ ಇದ್ದರೆ ಮಾತ್ರ ಕೈಹಾಕಿ.

ಹಳದಿಯ ಕಥೆ ಬಿಳಿಯಂತಲ್ಲ. ಹಳದಿ ಭಾಗದಲ್ಲಿ ಸ್ವಲ್ಪವಾದರೂ ಪತ್ರಹರಿತ್ತು ಇರುತ್ತದೆ, ಅದು ಕೊಂಚ ದುಡಿಯುತ್ತದೆ. ‘ಜೂನ್’ ಎಂಬ ತಳಿಯಲ್ಲಿ ನಡು ಹಳದಿ, ಅಂಚು ನೀಲಿಹಸಿರು. ನೆರಳು ಹೆಚ್ಚಾದರೆ ನಡು ತಿಳಿಹಸಿರಾಗಿಯೇ ಉಳಿಯುತ್ತದೆ, ಬೆಳಗಿನ ಬಿಸಿಲು ಬಿದ್ದರೆ ಕೆನೆಬಣ್ಣಕ್ಕೆ ತಿರುಗುತ್ತದೆ. ‘ಗೋಲ್ಡ್ ಸ್ಟ್ಯಾಂಡರ್ಡ್’ ಹಸಿರಾಗಿ ಬಿಚ್ಚಿಕೊಂಡು ವಾರಗಳು ಕಳೆದಂತೆ ನಡುಭಾಗ ಬಂಗಾರದ ಬಣ್ಣಕ್ಕೆ ಬರುತ್ತದೆ. ‘ವರ್ಲ್‌ವಿಂಡ್’ ಇದಕ್ಕೆ ಉಲ್ಟಾ: ತಿಳಿಯಾಗಿದ್ದ ನಡು ಬೇಸಿಗೆ ಬಲಿತಂತೆ ಹಸಿರಾಗುತ್ತದೆ. ತಳಿಯ ಸ್ವಭಾವ ಗೊತ್ತಿಲ್ಲದವರು ಇದನ್ನು ರೋಗ ಎಂದುಕೊಳ್ಳುತ್ತಾರೆ.

ಕೊನೆಯದು ಗೆರೆಗೆರೆಯಾಗಿ ಬಣ್ಣ ಚೆದುರಿದ ತಳಿಗಳು. ಇವು ಸ್ಥಿರವಲ್ಲ, ಕೆಲವೇ ವರ್ಷಗಳಲ್ಲಿ ಅಂಚಿನ ಬಣ್ಣಕ್ಕೋ ಒಂದೇ ಬಣ್ಣಕ್ಕೋ ತಿರುಗುತ್ತವೆ. ತಳಿ ಅಭಿವೃದ್ಧಿ ಮಾಡುವವರಿಗೆ ಇವು ಬೇಕು, ಯಾಕೆಂದರೆ ಬಣ್ಣದ ಸಸಿಗಳನ್ನು ಬೀಜದಿಂದ ಕೊಡಬಲ್ಲ ತಾಯಿಗಿಡಗಳು ಇವೇ. ತೋಟದ ಅಂದಕ್ಕೆ ಬೇಕಿಲ್ಲ.

ಕೊಳ್ಳುವಾಗ ಕುಂಡದಲ್ಲಿರುವ ಎಳೆಗಿಡದ ಅಂಚು ತೆಳ್ಳಗಿದ್ದರೆ ಬೇಸರಪಡಬೇಡಿ. ಗಿಡ ಬಲಿತಂತೆ ಎಲೆ ದುಂಡಗಾಗಿ ಅಂಚು ಅಗಲವಾಗುತ್ತದೆ. ಪೂರ್ಣ ಗಾತ್ರಕ್ಕೆ ಬರಲು ಮಧ್ಯಮ ತಳಿಗೆ ನಾಲ್ಕೈದು ವರ್ಷ, ದೊಡ್ಡದಕ್ಕೆ ಏಳೆಂಟು ವರ್ಷ ಹಿಡಿಯುತ್ತದೆ. ಅಂಗಾಂಶ ಕೃಷಿಯಿಂದ, ಅಂದರೆ ಪ್ರಯೋಗಾಲಯದಲ್ಲಿ ಗಿಡದ ಚೂರಿನಿಂದ ಬೆಳೆಸಿ ಬಂದ ಸಸಿಗಳಲ್ಲಿ ಬಣ್ಣ ತಪ್ಪಿದವು ಸೇರಿಕೊಂಡಿರುವುದುಂಟು. ಆದ್ದರಿಂದ ಕನಿಷ್ಠ ಮೂರು ಮೊಳಕೆ ಇರುವ, ಎಲ್ಲ ಮೊಳಕೆಗಳಲ್ಲೂ ಒಂದೇ ಬಗೆಯ ಬಣ್ಣವಿರುವ ಗಿಡವನ್ನೇ ಆರಿಸಿ.

ನೆರಳನ್ನು ಅಳೆಯುವುದು

‘ನೆರಳಿನ ಗಿಡ’ ಎಂಬ ಹಣೆಪಟ್ಟಿ ನಂಬಿ ಕತ್ತಲೆ ಮೂಲೆಗೆ ಹಾಕಿದ ಹೋಸ್ಟಾಗಳೇ ಹೆಚ್ಚು. ಹೋಸ್ಟಾ ನೆರಳನ್ನು ಸಹಿಸುತ್ತದೆ, ಬಯಸುವುದು ಚದುರಿದ ಬೆಳಕನ್ನು. ಗಾಢ ನೆರಳಿನಲ್ಲಿ ಎಲೆಯ ತೊಟ್ಟು ಉದ್ದವಾಗಿ ಗಿಡ ಜೋತುಬೀಳುತ್ತದೆ, ಹೊಸ ಮೊಳಕೆ ಏಳುವುದಿಲ್ಲ, ಹಳದಿ ಮಂಕಾಗುತ್ತದೆ.

ಬೇಸಿಗೆಯ ಮೋಡವಿಲ್ಲದ ಒಂದು ದಿನ ಆರಿಸಿ, ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ ಗಂಟೆಗೊಮ್ಮೆ ನೆಡಬೇಕೆಂದಿರುವ ಜಾಗ ನೋಡಿ ಬರೆದುಕೊಳ್ಳಿ: ನೇರ ಬಿಸಿಲೋ, ಎಲೆಗಳ ನಡುವೆ ಸೋಸಿ ಬಂದ ಬಿಸಿಲೋ, ಪೂರ್ತಿ ನೆರಳೋ. ಎಲೆ ಉದುರಿಸುವ ಮರಗಳಿದ್ದರೆ ಚಳಿಗಾಲದಲ್ಲಿ ಮಾಡಿದ ಲೆಕ್ಕ ಕೆಲಸಕ್ಕೆ ಬಾರದು. ಹಾಳೆ ಕೈಯಲ್ಲಿ ಹಿಡಿದು ಹೀಗೆ ಹಂಚಿಕೊಳ್ಳಿ:

- ಬಿಳಿ ಅಂಚಿನವು: ಬೆಳಗಿನ ಬಿಸಿಲು ಒಂದೆರಡು ಗಂಟೆ, ಉಳಿದಂತೆ ಸೋಸಿದ ಬೆಳಕು.
- ಬಿಳಿ ನಡುವಿನವು: ಬೆಳಗಿನ ಬಿಸಿಲು ಎರಡು ಮೂರು ಗಂಟೆ. ಬಿಳಿ ಬೇಗ ಸುಡುತ್ತದೆ ಎಂದು ಇವನ್ನು ಕತ್ತಲೆಗೆ ತಳ್ಳುವುದು ಸಾಮಾನ್ಯ ತಪ್ಪು. ಉಳಿದಿರುವ ಸ್ವಲ್ಪ ಹಸಿರಿಗೇ ದುಡಿಯಲು ಬೆಳಕು ಬೇಕು. ಹತ್ತು ಗಂಟೆಯ ನಂತರ ಮಾತ್ರ ಕಡ್ಡಾಯವಾಗಿ ನೆರಳಿರಲಿ.
- ಹಳದಿ ಬಣ್ಣದವು, ಸುವಾಸನೆಯವು: ಮೂರು ನಾಲ್ಕು ಗಂಟೆ ಬೆಳಗಿನ ಬಿಸಿಲು.
- ನೀಲಿ ಎಲೆಯವು: ನೀಲಿ ಕಾಣುವುದು ಎಲೆಯ ಮೇಲಿನ ಮೇಣದಂಥ ಪುಡಿಯಿಂದ. ಬಿಸಿಲಿಗೆ ಅದು ಕರಗಿ ಎಲೆ ಹಸಿರಾಗುತ್ತದೆ. ಹೆಚ್ಚು ನೆರಳು ಇವಕ್ಕೇ ಮೀಸಲು.

ಮಧ್ಯಾಹ್ನದ ಬಿಸಿಲು ಯಾವುದಕ್ಕೂ ಬೇಡ. ಬಿಳಿ ಗೋಡೆ, ಕಾಂಕ್ರೀಟ್ ಅಂಗಳದ ಪಕ್ಕದ ಜಾಗ ನೆರಳಿನಲ್ಲಿದ್ದರೂ ಅಲ್ಲಿ ತಿರುಗಿ ಬರುವ ಝಳ ಎಲೆಯಂಚನ್ನು ಒಣಗಿಸುತ್ತದೆ.

ಮರದಡಿ ನೆಡುವುದಾದರೆ ಬೆಳಕಿಗಿಂತ ಬೇರಿನ ಪೈಪೋಟಿಯೇ ದೊಡ್ಡ ತೊಡಕು. ಮೇಪಲ್, ಬೀಚ್, ಪಾಪ್ಲರ್‌ಗಳ ಸಣ್ಣ ಬೇರು ಮಣ್ಣಿನ ಮೇಲ್ಪದರದಲ್ಲೇ ಚಾಪೆ ಹೆಣೆದಿರುತ್ತದೆ. ನೀವು ಹಾಕಿದ ನೀರು ಗೊಬ್ಬರ ಮೊದಲು ಅವಕ್ಕೆ. ಓಕ್‌ನಂಥ ಆಳಬೇರಿನ ಮರದಡಿ ಹೋಸ್ಟಾ ಸುಖವಾಗಿರುತ್ತದೆ. ಮೊದಲಿನ ಬಗೆಯ ಮರವೇ ಇದ್ದರೆ, ಕುಂಡವನ್ನೇ ನೆಲದಲ್ಲಿ ಹೂಳುವುದು ಅಥವಾ ನೆಲದ ಮೇಲೆ ಕುಂಡ ಇಡುವುದು ವಾಸಿ. ಬೇರುಗಳನ್ನು ಕಡಿದು ಗುಂಡಿ ತೋಡಿದರೆ ಒಂದೆರಡು ವರ್ಷದಲ್ಲಿ ಅವು ಮತ್ತೆ ಬಂದು ತುಂಬುತ್ತವೆ.

ಮಣ್ಣು, ಗುಂಡಿ, ನಾಟಿ

ಹೋಸ್ಟಾದ ಬೇರು ಆಳಕ್ಕಿಂತ ಅಗಲಕ್ಕೆ ಹೋಗುತ್ತದೆ. ಹಾಗಾಗಿ ಗುಂಡಿ 30 ಸೆಂ.ಮೀ. ಆಳ ಸಾಕು, ಅಗಲ ಮಾತ್ರ ಧಾರಾಳವಾಗಿರಲಿ: ಮಧ್ಯಮ ತಳಿಗೆ 60ರಿಂದ 75 ಸೆಂ.ಮೀ., ದೊಡ್ಡದಕ್ಕೆ ಒಂದು ಮೀಟರ್. ಮಣ್ಣಿನ ರಸಸಾರ (pH) 6ರಿಂದ 6.5 ಇದ್ದರೆ ಒಳ್ಳೆಯದು, 5.5ರಿಂದ 7.5ರವರೆಗೂ ಗಿಡ ತಾಳಿಕೊಳ್ಳುತ್ತದೆ. ನಾಟಿಗೆ ಸರಿಯಾದ ಹೊತ್ತು ಮೊಳಕೆ ಏಳುವ ವಸಂತದ ಆರಂಭ, ಇಲ್ಲವೇ ಮೊದಲ ಹಿಮ ಬೀಳಲು ಆರು ವಾರ ಇರುವಾಗ.

1. ಗುಂಡಿ ತೋಡಿ ನೀರು ತುಂಬಿಸಿ. ನಾಲ್ಕು ಗಂಟೆಯಲ್ಲಿ ಇಂಗದಿದ್ದರೆ ಆ ಜಾಗದಲ್ಲಿ ಬುಡ ಕೊಳೆಯುವುದು ಖಚಿತ. ಬೇರೆ ಕಡೆ ನೋಡಿ, ಅಥವಾ 15 ಸೆಂ.ಮೀ. ಎತ್ತರದ ಮಡಿ ಕಟ್ಟಿ.
2. ತೆಗೆದ ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ಕಾಂಪೋಸ್ಟ್ ಅಥವಾ ಎಲೆಗೊಬ್ಬರ ಒಂದು ಪಾಲು ಬೆರೆಸಿ. ಹಸಿ ಸಗಣಿಗೊಬ್ಬರ ಬೇಡ, ಎಳೆ ಬೇರು ಸುಡುತ್ತದೆ. ಜೇಡಿಮಣ್ಣಾದರೆ ಸಣ್ಣ ತೊಗಟೆ ಚೂರು ಅರ್ಧ ಪಾಲು ಸೇರಿಸಿ. ಜೇಡಿಗೆ ಒಂದಿಷ್ಟು ಮರಳು ಬೆರೆಸುವ ಅಭ್ಯಾಸ ಬಿಡಿ, ಮಣ್ಣು ಇನ್ನಷ್ಟು ಗಟ್ಟಿಯಾಗುತ್ತದೆ.
3. ಗಿಡವನ್ನು ಕುಂಡದಿಂದ ತೆಗೆದು ಬೇರಿನ ಉಂಡೆಯನ್ನು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಬಳಿಕ ಕುಂಡದ ಮಿಶ್ರಣವನ್ನು ಬೆರಳಿನಿಂದ ಬಿಡಿಸಿ ತೆಗೆಯಿರಿ. ಸುತ್ತಿಕೊಂಡ ಬೇರನ್ನು ಬಿಡಿಸದೆ ನೆಟ್ಟರೆ ಮರುವರ್ಷವೂ ಬೇರು ಅದೇ ಕುಂಡದ ಆಕಾರದಲ್ಲೇ ಕೂತಿರುತ್ತದೆ.
4. ಗುಂಡಿಯ ನಡುವೆ ಮಣ್ಣಿನ ಸಣ್ಣ ದಿಬ್ಬ ಮಾಡಿ, ಬುಡವನ್ನು ಅದರ ಮೇಲೆ ಕೂರಿಸಿ, ಬೇರುಗಳನ್ನು ಸುತ್ತಲೂ ಇಳಿಬಿಡಿ.
5. ಮೊಳಕೆಗಳು ಬುಡಕ್ಕೆ ಕೂಡುವ ಜಾಗ ನೆಲಮಟ್ಟಕ್ಕೆ ಅಥವಾ ಒಂದೆರಡು ಸೆಂ.ಮೀ. ಕೆಳಗೆ ಇರಲಿ. ಇನ್ನೂ ಆಳಕ್ಕೆ ಹೋದರೆ ತೊಟ್ಟುಗಳು ಕೊಳೆಯುತ್ತವೆ. ಮೇಲೆ ತೇಲಿದರೆ ಬುಡ ಒಣಗುತ್ತದೆ, ಹಿಮಕ್ಕೆ ಎದ್ದು ಬರುತ್ತದೆ.
6. ಕೈಯಿಂದ ಹಗುರಾಗಿ ಒತ್ತಿ, ಹತ್ತು ಲೀಟರ್ ನೀರು ನಿಧಾನವಾಗಿ ಹಾಕಿ. ಮಣ್ಣು ಕುಸಿದ ಕಡೆ ತುಂಬಿ.

ಗಿಡದಿಂದ ಗಿಡಕ್ಕೆ ಅಂತರ: ಚಿಕ್ಕವಕ್ಕೆ 30–40 ಸೆಂ.ಮೀ., ಮಧ್ಯಮಕ್ಕೆ 60–75, ದೊಡ್ಡವಕ್ಕೆ ಒಂದು ಮೀಟರಿಗೂ ಹೆಚ್ಚು. ಮೊದಲೆರಡು ವರ್ಷ ತೋಟ ಖಾಲಿ ಖಾಲಿ ಅನಿಸುತ್ತದೆ, ನಡುವೆ ಜರೀಗಿಡ ಹಾಕಿಕೊಳ್ಳಿ. ಬಣ್ಣದ ಎಲೆಯ ಗಿಡಗಳನ್ನೇ ಸಾಲಾಗಿ ನೆಟ್ಟರೆ ಕಣ್ಣಿಗೆ ಗದ್ದಲ. ಒಂದು ಬಿಳಿ ಅಂಚಿನದಕ್ಕೆ ಎರಡು ಮೂರು ಅಚ್ಚ ಹಸಿರಿನವು ಪಕ್ಕದಲ್ಲಿದ್ದರೆ ಬಿಳಿ ಎದ್ದು ಕಾಣುತ್ತದೆ.

ನೀರು, ಗೊಬ್ಬರ, ಹೊದಿಕೆ

ಬೆಳವಣಿಗೆಯ ಕಾಲದಲ್ಲಿ ವಾರಕ್ಕೆ 25 ಮಿ.ಮೀ. ನೀರು ಬೇಕು, ಅಂದರೆ ಚದರ ಮೀಟರಿಗೆ 25 ಲೀಟರ್. ಮಳೆ ಬಂದಷ್ಟನ್ನು ಇದರಲ್ಲಿ ಕಳೆಯಿರಿ. ಬಿರುಬೇಸಿಗೆಯಲ್ಲಿ, ಮರದಡಿಯಲ್ಲಿ 35–40 ಲೀಟರ್ ಬೇಕಾದೀತು. ದಿನಾ ಚಿಮುಕಿಸುವುದಕ್ಕಿಂತ ವಾರಕ್ಕೆರಡು ಸಲ ಆಳಕ್ಕಿಳಿಯುವಂತೆ ಕೊಡಿ. ಹೊತ್ತು ಬೆಳಿಗ್ಗೆ, ಜಾಗ ಬುಡದ ಸುತ್ತ. ಸಂಜೆ ಎಲೆಯ ಮೇಲೆ ನೀರು ಸುರಿಯುವುದೆಂದರೆ ಹುಳುಗಳಿಗೂ ಶಿಲೀಂಧ್ರಕ್ಕೂ ಹಾಸಿಗೆ ಹಾಸಿಕೊಟ್ಟಂತೆ.

ಗೊಬ್ಬರದಲ್ಲಿ ಅತಿಯಾಸೆ ಬೇಡ. ಮೊಳಕೆ ಏಳುವಾಗ ಒಂದು ಬೊಗಸೆ ಕಾಂಪೋಸ್ಟ್ ಜೊತೆಗೆ ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ ನಿಧಾನವಾಗಿ ಕರಗುವ ಗೊಬ್ಬರವನ್ನು ಪೊಟ್ಟಣದ ಮೇಲೆ ಹೇಳಿದ ಪ್ರಮಾಣದಲ್ಲಿ ಬುಡದಿಂದ ಒಂದು ಗೇಣು ದೂರ ಸುತ್ತಲೂ ಉದುರಿಸಿ. ಸುರುಳಿ ಬಿಚ್ಚದ ಎಲೆಯೊಳಗೆ ಹರಳು ಬಿದ್ದರೆ ಅಲ್ಲೇ ಸುಟ್ಟು ತೂತಾಗುತ್ತದೆ. ನಡುಬೇಸಿಗೆ ಕಳೆದ ಮೇಲೆ ಸಾರಜನಕ ನಿಲ್ಲಿಸಿ, ತಡವಾಗಿ ಬಂದ ಮೆತ್ತನೆ ಎಲೆ ಚಳಿಗೂ ಹುಳುವಿಗೂ ಸುಲಭದ ತುತ್ತು.

ತೊಗಟೆ ಚೂರು ಅಥವಾ ಪುಡಿಮಾಡಿದ ದರಗಿನ ಹೊದಿಕೆ 5 ಸೆಂ.ಮೀ. ದಪ್ಪ ಸಾಕು. ಬುಡದ ಸುತ್ತ ನಾಲ್ಕು ಬೆರಳಿನಷ್ಟು ಜಾಗ ಬಿಡಿ. ವಸಂತದಲ್ಲಿ ಎಲೆ ಬಿಚ್ಚಿದ ಮೇಲೆ ರಾತ್ರಿ ತಾಪಮಾನ ಶೂನ್ಯಕ್ಕಿಳಿಯುವ ಸೂಚನೆ ಇದ್ದರೆ ಬಕೆಟ್ಟೋ ಹಳೆ ಬಟ್ಟೆಯೋ ಮುಚ್ಚಿ, ಬೆಳಿಗ್ಗೆ ತೆಗೆಯಿರಿ. ಹೂದಂಡನ್ನು ಹೂ ಬಾಡಿದ ಕೂಡಲೇ ಬುಡದಲ್ಲಿ ಕತ್ತರಿಸಿ, ಬೀಜ ಕಟ್ಟುವುದು ವ್ಯರ್ಥ ಖರ್ಚು.

ಸ್ಲಗ್ ಮತ್ತು ಬಸವನಹುಳು

ಎಲೆಯ ನಡುವೆ ನಯವಾದ ಅಂಚಿನ ತೂತುಗಳು, ಬೆಳಗಿನ ಹೊತ್ತು ಒಣಗಿದ ಬೆಳ್ಳಿಗೆರೆಯಂಥ ಲೋಳೆ ಕಂಡರೆ ಅದು ಸ್ಲಗ್, ಅಂದರೆ ಚಿಪ್ಪಿಲ್ಲದ ಬಸವನಹುಳು. ಮೊಳಕೆ ಸುರುಳಿಯಾಗಿರುವಾಗ ಒಂದೇ ಕಡೆ ಕಚ್ಚಿದರೂ ಎಲೆ ಬಿಚ್ಚಿದಾಗ ಸಾಲಾಗಿ ತೂತುಗಳು ಕಾಣುತ್ತವೆ, ಹೋಸ್ಟಾ ಎಲೆ ಉದುರುವವರೆಗೂ ಆ ಗಾಯ ಹಾಗೆಯೇ ಇರುತ್ತದೆ. ಆದ್ದರಿಂದ ಮೊಳಕೆ ನೆಲ ಸೀಳುವ ಮೊದಲೇ ಕೆಲಸ ಶುರುವಾಗಬೇಕು.

ಹಳೆಯ ಎಲೆ, ಕೊಳೆತ ಹೊದಿಕೆ ತೆಗೆದುಹಾಕಿ. ಅದರಡಿ ಮುತ್ತಿನಂಥ ಮೊಟ್ಟೆಗಳ ಗುಂಪು ಸಿಕ್ಕರೆ ಹೊಸಕಿ. ಮೊಳಕೆಯ ತುದಿ ಕಾಣುತ್ತಲೇ ಫೆರಿಕ್ ಫಾಸ್ಫೇಟ್ ಹರಳುಗಳನ್ನು ಚದುರಿಸಿ, ಗುಡ್ಡೆ ಹಾಕಬೇಡಿ. ಎರಡು ವಾರ ಬಿಟ್ಟು ಇನ್ನೊಮ್ಮೆ. ಅದನ್ನು ತಿಂದ ಹುಳು ಮೇಯುವುದು ಬಿಟ್ಟು ಅಡಗಿಕೊಂಡು ಸಾಯುತ್ತದೆ, ಹೆಣಗಳು ಕಾಣಲಿಲ್ಲವೆಂದು ಮತ್ತೆ ಮತ್ತೆ ಸುರಿಯಬೇಡಿ. ಸ್ಲಗ್ ಕೊಲ್ಲುವ ಇನ್ನೊಂದು ಮದ್ದಾದ ಮೆಟಾಲ್ಡಿಹೈಡ್ ಹರಳು ನಾಯಿ, ಹಕ್ಕಿಗಳಿಗೆ ವಿಷ. ಬ್ರಿಟನ್ನಿನಲ್ಲಿ 2022ರಿಂದ ತೋಟದಲ್ಲಿ ಅದರ ಬಳಕೆಗೇ ನಿಷೇಧವಿದೆ. ಮಣ್ಣು 5 ಡಿಗ್ರಿಗಿಂತ ಬೆಚ್ಚಗಾದ ಮೇಲೆ ಸ್ಲಗ್ ಕೊಲ್ಲುವ ನೆಮಟೋಡ್ ಎಂಬ ಸೂಕ್ಷ್ಮ ಜಂತುಗಳನ್ನು ನೀರಿನಲ್ಲಿ ಬೆರೆಸಿ ಹಾಕುವುದು ಒಳ್ಳೆಯ ದಾರಿ, ಸುಮಾರು ಆರು ವಾರಕ್ಕೊಮ್ಮೆ ಮತ್ತೆ ಹಾಕಬೇಕು. ಮಳೆ ನಿಂತ ರಾತ್ರಿ ಟಾರ್ಚ್ ಹಿಡಿದು ಕೈಯಿಂದ ಆರಿಸಿ ಸೋಪಿನ ನೀರಿಗೆ ಹಾಕುವುದಕ್ಕೆ ಖರ್ಚಿಲ್ಲ, ಫಲವೂ ಖಚಿತ.

ಸ್ಲಗ್ ತಡೆಯಲು ಗಿಡದ ಸುತ್ತ ಹಾಕುವ ಮೊಟ್ಟೆ ಚಿಪ್ಪು, ತಾಮ್ರದ ಪಟ್ಟಿಗಳ ಬಗ್ಗೆ ಕೇಳಿರುತ್ತೀರಿ. ಬ್ರಿಟನ್ನಿನ ತೋಟಗಾರಿಕೆ ಸಂಸ್ಥೆಯಾದ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2018ರಲ್ಲಿ ಲೆಟಿಸ್ ಗಿಡಗಳ ಮೇಲೆ ಇವನ್ನೆಲ್ಲ ಪರೀಕ್ಷಿಸಿದಾಗ, ಏನೂ ಹಾಕದ ಗಿಡಕ್ಕೂ ಇವಕ್ಕೂ ವ್ಯತ್ಯಾಸ ಕಂಡಿರಲಿಲ್ಲ. ಉಪ್ಪನ್ನಂತೂ ಮುಟ್ಟಬೇಡಿ, ಹುಳುವಿನ ಜೊತೆ ಮಣ್ಣೂ ಕೆಡುತ್ತದೆ.

ಎಲೆಯಂಚಿನಲ್ಲಿ ಟಿಕೆಟ್ ಪಂಚ್ ಮಾಡಿದಂಥ ಕಚ್ಚುಗಳಿದ್ದರೆ ಅದು ವೈನ್ ವೀವಿಲ್ ಎಂಬ ಮೂತಿಹುಳುವಿನ ಕೆಲಸ. ಎಲೆಯ ಕಚ್ಚು ದೊಡ್ಡದಲ್ಲ, ಅದರ ಮರಿಗಳು ಮಣ್ಣಿನಡಿ ಬೇರು ತಿಂದುಹಾಕುವುದು ದೊಡ್ಡದು. ಗಿಡ ಕಾರಣವಿಲ್ಲದೆ ಸೊರಗಿದರೆ, ಕೈಯಿಟ್ಟರೆ ಅಲುಗಾಡಿದರೆ, ಬುಡ ಅಗೆದು ಕಂದು ತಲೆಯ ಬಿಳಿ ಹುಳುಗಳಿವೆಯೇ ನೋಡಿ.

ಹಸಿರು ಮೊಳಕೆ: ಬಣ್ಣ ಕಳೆದುಕೊಳ್ಳುವ ಗಿಡ

ಬಿಳಿ ನಡುವಿನ ಗಿಡದಲ್ಲಿ ಒಂದು ವಸಂತಕ್ಕೆ ಪೂರ್ತಿ ಹಸಿರಾದ ಮೊಳಕೆ ಏಳುತ್ತದೆ. ನೋಡಲು ಅದೇ ಆರೋಗ್ಯವಾಗಿರುತ್ತದೆ, ಎಲೆ ದೊಡ್ಡದು, ತೊಟ್ಟು ದಪ್ಪ. ಎಲೆಯಿಡೀ ದುಡಿಯುವುದರಿಂದ ಅದು ಪಕ್ಕದ ಬಣ್ಣದ ಮೊಳಕೆಗಳಿಗಿಂತ ಬೇಗ ಹೆಚ್ಚುತ್ತದೆ. ಬಿಟ್ಟರೆ ಮೂರು ನಾಲ್ಕು ವರ್ಷದಲ್ಲಿ ಇಡೀ ಬುಡವೇ ಹಸಿರು. ‘ಉಂಡುಲಾಟಾ’ ತಳಿ ಇದಕ್ಕೆ ಹೆಸರಾದದ್ದು: ಬಿಳಿ ನಡು ಮೊದಲು ಕಿರಿದಾದ ಗೆರೆಯಾಗುತ್ತದೆ, ಆಮೇಲೆ ಅದೂ ಮಾಯ.

ಎಲೆಯನ್ನು ಚಿವುಟಿದರೆ ಪ್ರಯೋಜನವಿಲ್ಲ, ಅದೇ ಕಣ್ಣಿನಿಂದ ಮತ್ತೆ ಹಸಿರೇ ಬರುತ್ತದೆ. ಎಲೆ ಬಿಚ್ಚಿದಾಗಲೇ ಹಸಿರು ಮೊಳಕೆಗೆ ಬಣ್ಣದ ದಾರ ಕಟ್ಟಿ ಗುರುತು ಮಾಡಿ. ತೊಟ್ಟಿನ ಜಾಡು ಹಿಡಿದು ಬುಡದವರೆಗೆ ಮಣ್ಣು ಬಿಡಿಸಿ. ಆ ಮೊಳಕೆ ಎಲ್ಲಿಂದ ಹುಟ್ಟಿದೆಯೋ ಅಲ್ಲಿ ಕಿರಿದಾದ ಚೂಪು ಚಾಕು ನೇರವಾಗಿ ಇಳಿಸಿ, ಬುಡದ ತುಂಡು ಮತ್ತು ಅದರ ಬೇರಿನ ಸಮೇತ ಎತ್ತಿ ತೆಗೆಯಿರಿ. ಗುಳಿಗೆ ಹೊಸ ಮಣ್ಣು ತುಂಬಿ, ಮೂರು ದಿನ ಬುಡಕ್ಕೆ ಜಾಸ್ತಿ ನೀರು ಬೇಡ.

ತೆಗೆದದ್ದನ್ನು ಎಸೆಯುವ ಮೊದಲು ಒಮ್ಮೆ ನೋಡಿ. ಬಣ್ಣ ಹೊಸ ರೀತಿಯಲ್ಲಿ ಬಂದಿದ್ದರೆ ಬೇರೆ ಜಾಗದಲ್ಲಿ ನೆಟ್ಟು ಮೂರು ವರ್ಷ ಗಮನಿಸಿ. ಎಷ್ಟೋ ಹೆಸರಾಂತ ತಳಿಗಳು ಹೀಗೆ ಮೂಡಿದ ಮೊಳಕೆಗಳೇ. ಅಚ್ಚ ಬಿಳಿ ಮೊಳಕೆ ಬಂದರೆ ಮಾತ್ರ ಆಸೆಪಡಬೇಡಿ, ತಾಯಿಯಿಂದ ಬೇರ್ಪಡಿಸಿದರೆ ಅದು ಬದುಕುವುದಿಲ್ಲ.

ಬುಡ ಬಿಡಿಸುವುದು

ಹೋಸ್ಟಾಗೆ ಇದು ಅಗತ್ಯವಲ್ಲ, ನಮಗೆ ಹೆಚ್ಚು ಗಿಡ ಬೇಕಾದಾಗ ಮಾಡುವ ಕೆಲಸ. ಅಂಚು ಬಿಳಿಯವನ್ನು ನಾಲ್ಕೈದು ವರ್ಷಕ್ಕೊಮ್ಮೆ ಬಿಡಿಸಬಹುದು. ನಿಧಾನದ ಬಿಳಿ ನಡುವಿನವನ್ನು ಹತ್ತಾರು ಮೊಳಕೆ ಬರುವವರೆಗೆ ಮುಟ್ಟಬೇಡಿ, ಪ್ರತಿ ಸಲ ಬಿಡಿಸಿದಾಗಲೂ ಅವು ಎರಡು ವರ್ಷ ಹಿಂದಕ್ಕೆ ಹೋಗುತ್ತವೆ.

ಮೊಳಕೆ 5ರಿಂದ 8 ಸೆಂ.ಮೀ. ಎದ್ದು, ಎಲೆ ಬಿಚ್ಚುವ ಮೊದಲು ಹಾರೆಯಿಂದ ಸುತ್ತಲೂ ಅಗೆದು ಇಡೀ ಗಡ್ಡೆ ಎತ್ತಿ. ಪೈಪಿನ ನೀರಿನಲ್ಲಿ ಮಣ್ಣು ತೊಳೆಯಿರಿ. ಮೊಳಕೆಗಳು ಗುಂಪುಗುಂಪಾಗಿ ಕೂತಿರುವುದು, ನಡುವೆ ಸಹಜವಾದ ಸಂದುಗಳಿರುವುದು ಆಗ ಕಾಣುತ್ತದೆ. ಕೈಯಿಂದ ಅಲ್ಲಾಡಿಸಿದರೆ ಕೆಲವು ತಾವಾಗಿ ಬಿಡುತ್ತವೆ, ಉಳಿದದ್ದಕ್ಕೆ ಚಾಕು. ಪ್ರತಿ ಹಿಳ್ಳಿಗೂ ಮೂರು ಕಣ್ಣು, ಒಂದು ಹಿಡಿ ಬೇರು ಇರಲೇಬೇಕು. ಒಂದೇ ಕಣ್ಣಿನ ತುಂಡು ಬದುಕಿದರೂ ಎಳೆಗಿಡದ ಸಪೂರ ಎಲೆ ಬಿಡುತ್ತ ವರ್ಷಗಟ್ಟಲೆ ಕಾಯಿಸುತ್ತದೆ. ಮೊದಲಿದ್ದ ಆಳಕ್ಕೇ ನೆಟ್ಟು ಎರಡು ವಾರ ತೇವ ಆರದಂತೆ ನೋಡಿಕೊಳ್ಳಿ.

ಒಂದು ಗಿಡ ಮುಗಿಸಿ ಇನ್ನೊಂದಕ್ಕೆ ಹೋಗುವ ಮೊದಲು ಚಾಕು, ಹಾರೆ ತೊಳೆದು, ಒಂದು ಪಾಲು ಬ್ಲೀಚ್ ಒಂಬತ್ತು ಪಾಲು ನೀರಿನಲ್ಲಿ ಅದ್ದಿ. ಈ ಹೆಜ್ಜೆ ಯಾಕೆ ಬಿಡಬಾರದು ಎಂಬುದಕ್ಕೆ ಉತ್ತರ ಮುಂದಿದೆ.

ಕಲೆ ನೋಡಿ ಕಾರಣ ಹಿಡಿಯುವುದು

ಹೋಸ್ಟಾ ವೈರಸ್ ಎಕ್ಸ್ ಅನ್ನು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ 1996ರಲ್ಲಿ ಗುರುತಿಸಲಾಯಿತು. ಕೀಟಗಳಿಂದಲ್ಲ, ರಸ ಅಂಟಿದ ಚಾಕು ಕತ್ತರಿ ಕೈಗಳಿಂದ ಹರಡುತ್ತದೆ. ಲಕ್ಷಣ ಕಾಣಲು ವರ್ಷಗಳೇ ಹಿಡಿಯಬಹುದು. ಹಳದಿ ಎಲೆಯಲ್ಲಿ ನರದುದ್ದಕ್ಕೂ ಹಸಿರು ಶಾಯಿ ಹೀರಿ ಹರಡಿದಂತೆ ಕಾಣುತ್ತದೆ, ಅಲ್ಲಲ್ಲಿ ಮಚ್ಚೆ, ಮಚ್ಚೆಯ ಜಾಗ ಉಬ್ಬಿಯೋ ತೆಳುವಾಗಿಯೋ ಇರುತ್ತದೆ. ತಳಿಯ ಸಹಜ ಬಣ್ಣದ ಗೆರೆ ಎಲೆಯ ತುದಿಯತ್ತ ಕ್ರಮವಾಗಿ ಸಾಗುತ್ತದೆ, ವೈರಸ್ಸಿನ ಬಣ್ಣ ನರಕ್ಕಂಟಿಕೊಂಡು ಕದಡಿರುತ್ತದೆ. ಈ ಚೆಲ್ಲಾಪಿಲ್ಲಿ ಬಣ್ಣವೇ ಚೆಂದವೆಂದು ‘ಬ್ರೇಕ್‌ಡಾನ್ಸ್’, ‘ಲೆಪರ್ಡ್ ಫ್ರಾಗ್’ ಎಂಬ ಹೆಸರಿಟ್ಟು ಸೋಂಕಿತ ಗಿಡಗಳನ್ನೇ ಹೊಸ ತಳಿಗಳಾಗಿ ಮಾರಿದ್ದೂ ಉಂಟು. ಔಷಧಿ ಇಲ್ಲ. ಬೇರಿನ ತುಂಡೂ ಉಳಿಯದಂತೆ ಅಗೆದು ಚೀಲದಲ್ಲಿ ಕಟ್ಟಿ ಕಸಕ್ಕೆ ಕೊಡಿ, ಕಾಂಪೋಸ್ಟ್ ಗುಂಡಿಗೆ ಹಾಕಬೇಡಿ. ಉಳಿದ ಬೇರು ಕೊಳೆಯುವವರೆಗೆ ಆ ಜಾಗದಲ್ಲಿ ಬೇರೆ ಹೋಸ್ಟಾ ಬೇಡ.

ಬೇಸಿಗೆ ಕೊನೆಯಲ್ಲಿ ನರಗಳ ನಡುವೆ, ಗೆರೆ ಹೊಡೆದಂತೆ ನೇರವಾದ ಕಂದು ಪಟ್ಟೆಗಳು ಬಂದರೆ ಅದು ಎಲೆಯ ನೆಮಟೋಡ್, ಸ್ಲಗ್ ಕೊಲ್ಲುವುದಲ್ಲ, ಎಲೆಯನ್ನೇ ಕೆಡಿಸುವ ಬೇರೆ ಬಗೆಯದು. ಆ ಭಾಗವನ್ನು ಚೂರು ಮಾಡಿ ಗಾಜಿನ ಬಟ್ಟಲಿನ ನೀರಿನಲ್ಲಿ ಕೆಲವು ಗಂಟೆ ಬಿಟ್ಟು ಭೂತಗನ್ನಡಿಯಲ್ಲಿ ನೋಡಿದರೆ ಎಳೆಯಂಥ ಸೂಕ್ಷ್ಮ ಜಂತುಗಳು ಹೊರಳಾಡುವುದು ಕಾಣುತ್ತದೆ. ಗಿಡ ತೆಗೆಯುವುದೇ ಮೇಲು.

ಅಂಚು ಮಾತ್ರ ಕಾಗದದಂತೆ ಒಣಗಿದ್ದರೆ ನೀರಿನ ಕೊರತೆ. ಬಿಸಿಲಿಗೆ ಮುಖ ಮಾಡಿದ ಎಲೆಯ ನಡುವೆ ಬಿಳಿಚಿಕೊಂಡು ಕಂದಾಗಿದ್ದರೆ ಸುಟ್ಟದ್ದು. ‘ಫ್ರಾನ್ಸಿಸ್ ವಿಲಿಯಮ್ಸ್’ನಲ್ಲಿ ವಸಂತದಲ್ಲೇ ಹಳದಿ ಅಂಚು ತುಕ್ಕು ಬಣ್ಣಕ್ಕೆ ತಿರುಗುವುದು ತಳಿಯ ಹಣೆಬರಹ, ಹೆಚ್ಚು ನೆರಳು ಕೊಟ್ಟರೆ ಕಡಿಮೆಯಾಗುತ್ತದೆ. ಕೆಲವು ತಳಿಗಳಲ್ಲಿ ಬಿಳಿ ಅಂಚು ನಡುವಿನಷ್ಟು ಬೇಗ ಬೆಳೆಯದೆ, ಎಲೆ ಬಟ್ಟಲಿನಂತೆ ಮುದುಡಿ ಅಂಚು ಹರಿಯುತ್ತದೆ. ‘ಲೂನಾರ್ ಎಕ್ಲಿಪ್ಸ್’ ಇದಕ್ಕೆ ಕುಖ್ಯಾತ. ಅದಕ್ಕೆ ಪರಿಹಾರವಿಲ್ಲ, ಬೇರೆ ತಳಿ ನೆಡಿ.

ಸೆಕೆ ಮತ್ತು ತೇವ ಒಟ್ಟಾದ ದಿನಗಳಲ್ಲಿ ಹೊರ ಎಲೆಗಳು ಒಮ್ಮೆಲೇ ಹಳದಿಯಾಗಿ ಮಲಗಿ, ಎಳೆದರೆ ಕೈಗೆ ಬಂದರೆ ಬುಡ ನೋಡಿ. ಬಿಳಿ ಬೂಸ್ಟು, ಅದರಲ್ಲಿ ಸಾಸಿವೆ ಕಾಳಿನಂಥ ಕಂದು ಉಂಡೆಗಳಿದ್ದರೆ ಸ್ಕ್ಲೆರೋಷಿಯಮ್ ಎಂಬ ಶಿಲೀಂಧ್ರದ ಬುಡಕೊಳೆ. ಗಿಡದ ಜೊತೆ ಸುತ್ತಲಿನ ಮಣ್ಣನ್ನೂ 20 ಸೆಂ.ಮೀ. ಆಳದವರೆಗೆ ತೆಗೆಯಿರಿ, ಆ ಉಂಡೆಗಳು ವರ್ಷಗಟ್ಟಲೆ ಮಣ್ಣಿನಲ್ಲಿ ಜೀವ ಹಿಡಿದಿರುತ್ತವೆ.

ನಾಯಿ, ಬೆಕ್ಕು ಸಾಕಿದವರು ಗಮನಿಸಿ: ಹೋಸ್ಟಾದಲ್ಲಿ ಸಪೋನಿನ್ ಎಂಬ ವಿಷವಸ್ತು ಇದೆ, ತಿಂದರೆ ಅವಕ್ಕೆ ವಾಂತಿ ಭೇದಿ ಆಗುತ್ತದೆ.

ಕುಂಡದ ಗಿಡ, ಚಳಿಗಾಲದ ಕೆಲಸ

ಕುಂಡಕ್ಕೆ ಎರಡು ಪಾಲು ಸಣ್ಣ ತೊಗಟೆ ಚೂರು, ಒಂದು ಪಾಲು ಕಾಂಪೋಸ್ಟ್, ಒಂದು ಪಾಲು ಪರ್ಲೈಟ್ (ನೀರು ಬಸಿಯಲು ಬೆರೆಸುವ ಹಗುರ ಬಿಳಿ ಹರಳು) ಸಾಕು. ತೋಟದ ಮಣ್ಣು ಹಾಕಿದರೆ ಗಟ್ಟಿಯಾಗುತ್ತದೆ. ಮಧ್ಯಮ ತಳಿಗೆ 35 ಸೆಂ.ಮೀ. ಬಾಯಿಯ ಕುಂಡ. ಬೇಸಿಗೆಯಲ್ಲಿ ದಿನಾ ಬೆರಳಿಟ್ಟು ನೋಡಿ, ಮೇಲಿನ ಎರಡು ಸೆಂ.ಮೀ. ಒಣಗಿದ್ದರೆ ನೀರು ಕೊಡಿ. ಎರಡು ಮೂರು ವರ್ಷಕ್ಕೊಮ್ಮೆ ಮಿಶ್ರಣ ಬದಲಿಸಿ.

ಮೊದಲ ಹಿಮ ಬಿದ್ದು ಎಲೆಗಳು ಕುಸಿದ ಮೇಲೆ ನೆಲದ ಗಿಡಗಳ ಎಲೆಯನ್ನೆಲ್ಲ ಕತ್ತರಿಸಿ ದೂರ ಸಾಗಿಸಿ. ಸ್ಲಗ್ ಮೊಟ್ಟೆ, ನೆಮಟೋಡ್ ಎರಡೂ ಆ ಎಲೆಯ ರಾಶಿಯಲ್ಲೇ ಚಳಿಗಾಲ ಕಳೆಯುತ್ತವೆ. ಪ್ರತಿ ಗಿಡದ ಪಕ್ಕ ಹೆಸರಿನ ಫಲಕ ಚುಚ್ಚಿಡಿ, ವಸಂತದಲ್ಲಿ ಖಾಲಿ ನೆಲ ಎಂದುಕೊಂಡು ಹಾರೆ ಇಳಿಸುವುದು ತಪ್ಪುತ್ತದೆ. ಕುಂಡಗಳಿಗೆ ಚಳಿಗಿಂತ ಚಳಿಗಾಲದ ನೀರು ಅಪಾಯ: ಹೆಪ್ಪುಗಟ್ಟಿ ಕರಗಿ ಮತ್ತೆ ಹೆಪ್ಪುಗಟ್ಟುವ ನೀರಿನಲ್ಲಿ ಬುಡ ಕೊಳೆಯುತ್ತದೆ. ಗೋಡೆಯ ಮರೆಯಲ್ಲಿ ಕುಂಡವನ್ನು ಪಕ್ಕಕ್ಕೆ ಮಲಗಿಸಿಡಿ, ಅಥವಾ ಬಿಸಿ ಮಾಡದ ಶೆಡ್ಡಿನಲ್ಲಿಟ್ಟು ತಿಂಗಳಿಗೊಂದು ಲೋಟ ನೀರು ಕೊಡಿ. ಮೊಳಕೆಯ ತುದಿ ಕಂಡ ದಿನ ಹೊರತಂದು ನೆಟ್ಟಗೆ ನಿಲ್ಲಿಸಿ, ನೀರುಣಿಸಿ, ಸ್ಲಗ್ ಹರಳು ಚದುರಿಸಿ.